ಬಿಲ್ ಶಾಂಕ್ಲಿ

ಬಿಲ್ ಶಾಂಕ್ಲಿ (ಸೆಪ್ಟೆಂಬರ್ 2, 1913 – ಸೆಪ್ಟೆಂಬರ್ 29, 1981) ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರರು ಹಾಗೂ ತರಬೇತುದಾರರು. ಇವರ ಪೂರ್ಣ ಹೆಸರು ವಿಲಿಯಂ ಶಾಂಕ್ಲಿ. 1959ರಿಂದ 1974ರವರೆಗೆ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಮ್ಯಾನೇಜರ್ ಆಗಿ ಕೆಲಸ ಮಾಡಿ, ದ್ವಿತೀಯ ವಿಭಾಗದಲ್ಲಿ ಉಳಿದುಹೋಗಿದ್ದ ಆ ತಂಡವನ್ನು ದೇಶದ ಅಗ್ರಗಣ್ಯ ತಂಡಗಳಲ್ಲಿ ಒಂದಾಗಿಸಿದರು. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ತರಬೇತಿ, ತಂಡದ ಆಯ್ಕೆ, ಹೊಸ ಆಟಗಾರರ ಸೇರ್ಪಡೆ ಮುಂತಾದ ಹೊಣೆಗಳನ್ನು ಹೊತ್ತವರನ್ನು ಮ್ಯಾನೇಜರ್ ಎಂದು ಕರೆಯುವುದು ರೂಢಿ. ಸರಳವಾದ ತರಬೇತಿ ಕ್ರಮ ಮತ್ತು ಅಭಿಮಾನಿಗಳೊಡನೆ ನೇರವಾಗಿ ಮಾತನಾಡುವ ಸ್ವಭಾವ ಇವೆರಡಕ್ಕೂ ಶಾಂಕ್ಲಿ ಹೆಸರಾದರು. ಗೆದ್ದ ಪ್ರಶಸ್ತಿಗಳ ಸಂಖ್ಯೆಯಲ್ಲಿ ಇವರನ್ನು ಮೀರಿಸಿದವರು ಅದೇ ಕ್ಲಬ್ಬಿನಲ್ಲಿ ಇದ್ದಾರೆ. ಆದರೆ ಜನರ ಪ್ರೀತಿಯಲ್ಲಿ ಇವರಿಗೆ ದೊರೆತ ಸ್ಥಾನ ಬೇರೆಯೇ ಆದುದು.

ಜನನ ಮತ್ತು ಬಾಲ್ಯ

ಶಾಂಕ್ಲಿ ಜನಿಸಿದ್ದು ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಹತ್ತು ಮಕ್ಕಳ ಕುಟುಂಬದಲ್ಲಿ ಇವರು ಒಂಬತ್ತನೆಯವರು. ತಂದೆ ಜಾನ್ ದರ್ಜಿಯ ಕೆಲಸ ಮಾಡುತ್ತಿದ್ದರು. ತಾಯಿ ಬಾರ್ಬರಾ ಅವರ ಸೋದರರು ಫುಟ್‌ಬಾಲ್ ಆಟಗಾರರಾಗಿದ್ದರು. ಶಾಂಕ್ಲಿ ಮನೆತನದ ಐವರು ಗಂಡುಮಕ್ಕಳೂ ವೃತ್ತಿಪರ ಆಟಗಾರರಾದುದು ಒಂದು ವಿಶೇಷ. ಅಣ್ಣ ಬಾಬ್ ಶಾಂಕ್ಲಿ ಮುಂದೆ ಡಂಡೀ ತಂಡದ ಮ್ಯಾನೇಜರ್ ಆಗಿ 1962ರಲ್ಲಿ ಸ್ಕಾಟಿಷ್ ಲೀಗ್ ಪ್ರಶಸ್ತಿಯನ್ನು ಗೆದ್ದರು.

ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಬಿಲ್ ಗಣಿಯಲ್ಲಿ ಕೂಲಿಗೆ ಸೇರಿದರು. ಎರಡು ವರ್ಷಗಳ ಬಳಿಕ ಗಣಿ ಮುಚ್ಚಿದಾಗ ಕೆಲಸ ಹೋಯಿತು. ನೆಲದಡಿಯ ಕತ್ತಲಲ್ಲಿ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುತ್ತಿದ್ದ ಆ ಬದುಕು ಅವರ ಮನಸ್ಸಿನಲ್ಲಿ ಆಳವಾಗಿ ನೆಲೆಯೂರಿತು. ಎಲ್ಲರೂ ಒಬ್ಬರಿಗಾಗಿ ಒಬ್ಬರು ದುಡಿಯಬೇಕು, ಫಲವನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬ ಸಮಾಜವಾದಿ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಫುಟ್‌ಬಾಲ್ ತಂಡವೂ ಹಾಗೆಯೇ ಆಡಬೇಕೆಂಬುದು ಅವರ ನಿಲುವಾಗಿತ್ತು.

ಆಟಗಾರರಾಗಿ

1932ರಲ್ಲಿ ಕಾರ್ಲೈಲ್ ಯುನೈಟೆಡ್ ತಂಡವನ್ನು ಸೇರಿದ ಶಾಂಕ್ಲಿಯವರನ್ನು ಮರುವರ್ಷವೇ ಪ್ರೆಸ್ಟನ್ ನಾರ್ತ್ ಎಂಡ್ ತಂಡ 500 ಪೌಂಡ್ ಕೊಟ್ಟು ಸೇರಿಸಿಕೊಂಡಿತು. ಮೈದಾನದ ಮಧ್ಯಭಾಗದ ಬಲಬದಿಯಲ್ಲಿ ಆಡುತ್ತಿದ್ದ ಇವರು ಬಳಲಿಕೆಯನ್ನೇ ಅರಿಯದ ಆಟಗಾರರೆಂದು ಹೆಸರಾದರು. 1937ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಪ್ರೆಸ್ಟನ್ ಸೋತಿತು. ಮರುವರ್ಷ ಹಡರ್ಸ್‌ಫೀಲ್ಡ್ ಟೌನ್ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯ ನಿಮಿಷದ ಪೆನಾಲ್ಟಿ ಗೋಲಿನಿಂದ ಕಪ್ ಗೆದ್ದಿತು. ಶಾಂಕ್ಲಿ ಸ್ಕಾಟ್ಲೆಂಡ್ ಪರ ಐದು ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು.

ಎರಡನೆಯ ಮಹಾಯುದ್ಧ ಅವರ ಆಟದ ಉತ್ತಮ ವರ್ಷಗಳನ್ನು ಕಸಿದುಕೊಂಡಿತು. ಆ ಅವಧಿಯಲ್ಲಿ ಅವರು ರಾಯಲ್ ಏರ್ ಫೋರ್ಸ್‌ನಲ್ಲಿ ಸೇವೆ ಸಲ್ಲಿಸಿದರು. 1944ರಲ್ಲಿ ಆಗ್ನೆಸ್ (ನೆಸ್ಸಿ) ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು.

ಮ್ಯಾನೇಜರ್ ವೃತ್ತಿಯ ಆರಂಭ

1949ರಲ್ಲಿ ಆಟದಿಂದ ನಿವೃತ್ತರಾದ ಶಾಂಕ್ಲಿ ತಮ್ಮ ಮೊದಲ ಕ್ಲಬ್ಬಾದ ಕಾರ್ಲೈಲ್‌ಗೆ ಮ್ಯಾನೇಜರ್ ಆಗಿ ಮರಳಿದರು. ಅಲ್ಲಿ ಅವರು ಕೈಗೊಂಡ ಒಂದು ಕ್ರಮ ಅವರ ಮುಂದಿನ ಬದುಕಿಗೆ ಮುನ್ನುಡಿಯಂತಿತ್ತು. ತವರಿನ ಮೈದಾನದಲ್ಲಿ ಪಂದ್ಯ ಆರಂಭವಾಗುವ ಮೊದಲು ಧ್ವನಿವರ್ಧಕದ ಮುಂದೆ ನಿಂತು ಅವರು ಪ್ರೇಕ್ಷಕರೊಡನೆ ಮಾತನಾಡುತ್ತಿದ್ದರು. ಹಿಂದಿನ ಪಂದ್ಯ ಹೇಗೆ ನಡೆಯಿತು, ಇಂದು ತಂಡದಲ್ಲಿ ಯಾವ ಬದಲಾವಣೆ ಆಗಿದೆ, ಅದಕ್ಕೆ ಕಾರಣವೇನು ಎಂಬುದನ್ನು ಸರಳ ಮಾತುಗಳಲ್ಲಿ ತಿಳಿಸುತ್ತಿದ್ದರು. ತಂಡದ ಆಯ್ಕೆಯ ವಿಷಯದಲ್ಲಿ ಪ್ರೇಕ್ಷಕರಿಗೆ ವಿವರಣೆ ಕೊಡಬೇಕೆಂಬ ಕಲ್ಪನೆಯೇ ಆ ಕಾಲದಲ್ಲಿ ಅಪರೂಪ. ಹಣ ಕೊಟ್ಟು ಬಂದವರಿಗೆ ಕಾರಣ ತಿಳಿಯುವ ಹಕ್ಕಿದೆ ಎಂಬುದು ಶಾಂಕ್ಲಿಯವರ ಭಾವನೆಯಾಗಿತ್ತು. 1951ರ ಜನವರಿಯಲ್ಲಿ ಈ ಸಣ್ಣ ತಂಡ ಎಫ್.ಎ. ಕಪ್ ಪಂದ್ಯದಲ್ಲಿ ಬಲಿಷ್ಠ ಆರ್ಸೆನಲ್ ತಂಡವನ್ನು ಅದರದೇ ಮೈದಾನದಲ್ಲಿ ಗೋಲಿಲ್ಲದ ಡ್ರಾಗೆ ತಡೆಯಿತು.

ಆನಂತರ ಗ್ರಿಮ್ಸ್‌ಬಿ ಟೌನ್ (1951–54) ಮತ್ತು ವರ್ಕಿಂಗ್ಟನ್ (1954–55) ತಂಡಗಳಲ್ಲಿ ಕೆಲಸ ಮಾಡಿದರು. ವರ್ಕಿಂಗ್ಟನ್‌ನಲ್ಲಿ ಸಿಬ್ಬಂದಿ ಎಷ್ಟು ಕಡಿಮೆ ಇತ್ತೆಂದರೆ ಪತ್ರಗಳಿಗೆ ಉತ್ತರ ಬೆರಳಚ್ಚಿಸುವುದೂ ಫೋನಿಗೆ ಉತ್ತರಿಸುವುದೂ ಅವರ ಪಾಲಿಗೇ ಬರುತ್ತಿತ್ತು. 1955ರ ಕೊನೆಯಲ್ಲಿ ಹಡರ್ಸ್‌ಫೀಲ್ಡ್ ಟೌನ್‌ಗೆ ಸಹಾಯಕರಾಗಿ ಹೋಗಿ ಮರುವರ್ಷ ಅಲ್ಲಿನ ಮ್ಯಾನೇಜರ್ ಆದರು. ಹದಿನಾರು ವರ್ಷದ ಡೆನಿಸ್ ಲಾ ಅವರನ್ನು ಮೊದಲ ತಂಡಕ್ಕೆ ಇಳಿಸಿದ್ದು ಇಲ್ಲಿಯೇ. ಆದರೆ ಈ ಎಲ್ಲ ಕ್ಲಬ್ಬುಗಳಲ್ಲೂ ಹಣದ ಕೊರತೆ ಅವರ ಕೈ ಕಟ್ಟಿಹಾಕಿತ್ತು.

ಲಿವರ್‌ಪೂಲ್‌ಗೆ ಆಗಮನ

1959ರ ಡಿಸೆಂಬರ್‌ನಲ್ಲಿ ಶಾಂಕ್ಲಿ ಲಿವರ್‌ಪೂಲ್ ಸೇರಿದಾಗ ಆ ಕ್ಲಬ್ಬಿನ ಸ್ಥಿತಿ ಶೋಚನೀಯವಾಗಿತ್ತು. 1954ರಿಂದ ತಂಡ ದ್ವಿತೀಯ ವಿಭಾಗದಲ್ಲೇ ಇತ್ತು. ಅದೇ ವರ್ಷದ ಜನವರಿಯಲ್ಲಿ ಲೀಗ್‌ನಲ್ಲೇ ಇಲ್ಲದ ವೂಸ್ಟರ್ ಸಿಟಿ ಎಂಬ ತಂಡದೆದುರು ಎಫ್.ಎ. ಕಪ್ ಪಂದ್ಯದಲ್ಲಿ ಸೋತು ಅಭಿಮಾನಿಗಳು ತಲೆತಗ್ಗಿಸುವಂತಾಗಿತ್ತು. ಆನ್‌ಫೀಲ್ಡ್ ಮೈದಾನದ ಕಟ್ಟಡಗಳು ಹಳೆಯವಾಗಿದ್ದವು. ಮೆಲ್‌ವುಡ್‌ನ ಅಭ್ಯಾಸದ ಮೈದಾನದಲ್ಲಿ ಗಿಡಗಂಟಿ ಬೆಳೆದಿತ್ತು. ಶಾಂಕ್ಲಿಯವರ ನೇತೃತ್ವದ ಮೊದಲ ಪಂದ್ಯದಲ್ಲಿ ತಂಡ ತವರಿನಲ್ಲೇ ಕಾರ್ಡಿಫ್ ಸಿಟಿ ವಿರುದ್ಧ 0–4ರಿಂದ ಸೋತಿತು.

ಕ್ಲಬ್ಬಿನಲ್ಲಿ ಅದುವರೆಗೆ ತಂಡದ ಆಯ್ಕೆಯಲ್ಲಿ ನಿರ್ದೇಶಕರ ಕೈವಾಡ ಇರುತ್ತಿತ್ತು. ಆ ಅಧಿಕಾರ ಸಂಪೂರ್ಣವಾಗಿ ತಮ್ಮದಾಗಬೇಕೆಂದು ಶಾಂಕ್ಲಿ ಪಟ್ಟು ಹಿಡಿದರು. ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಮುಂತಾದ ಹಳೆಯ ತರಬೇತಿ ಸಿಬ್ಬಂದಿಯನ್ನು ಕೈಬಿಡದೆ ಅವರಿಂದ ನಿಷ್ಠೆಯನ್ನಷ್ಟೇ ಕೇಳಿದರು. ಆಟಗಾರರ ವಿಷಯದಲ್ಲಿ ಮಾತ್ರ ನಿರ್ದಾಕ್ಷಿಣ್ಯರಾಗಿದ್ದರು. ಸುಮಾರು ಒಂದು ವರ್ಷದೊಳಗೆ 24 ಆಟಗಾರರು ಕ್ಲಬ್ಬಿನಿಂದ ಹೊರನಡೆದರು.

ಮೊದಲೆರಡು ಋತುಗಳಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು. ಮೊದಲ ವಿಭಾಗಕ್ಕೆ ಬಡ್ತಿ ಸಿಗುತ್ತಿದ್ದುದು ಇಬ್ಬರಿಗೆ ಮಾತ್ರ. ಹೊಸ ಆಟಗಾರರಿಗೆ ಹಣ ಬೇಕೆಂದು ಶಾಂಕ್ಲಿ ಆಡಳಿತ ಮಂಡಳಿಯೊಡನೆ ಜಗಳವಾಡಬೇಕಾಯಿತು. ಕೊನೆಗೆ 1961ರಲ್ಲಿ ಇಯಾನ್ ಸೇಂಟ್ ಜಾನ್ ಮತ್ತು ರಾನ್ ಯೇಟ್ಸ್ ತಂಡಕ್ಕೆ ಬಂದರು. 1962ರಲ್ಲಿ ತಂಡ ದ್ವಿತೀಯ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆದು ಮೇಲೇರಿತು.

ತರಬೇತಿಯ ವಿಧಾನ

ಆ ಕಾಲದಲ್ಲಿ ಇಂಗ್ಲೆಂಡಿನ ಅನೇಕ ಕ್ಲಬ್ಬುಗಳಲ್ಲಿ ತರಬೇತಿ ಎಂದರೆ ರಸ್ತೆಗಳಲ್ಲಿ ಮೈಲಿಗಟ್ಟಲೆ ಓಡುವುದು ಎಂದೇ ಅರ್ಥ. ವಾರವಿಡೀ ಚೆಂಡನ್ನು ದೂರವಿಟ್ಟರೆ ಆಟಗಾರರಿಗೆ ಪಂದ್ಯದ ದಿನ ಅದರ ಹಸಿವು ಹೆಚ್ಚುತ್ತದೆ ಎಂಬ ನಂಬಿಕೆಯೂ ಇತ್ತು. ಶಾಂಕ್ಲಿ ಇದನ್ನು ತಿರಸ್ಕರಿಸಿದರು. ಪಂದ್ಯ ನಡೆಯುವುದು ಹುಲ್ಲಿನ ಮೇಲೆ, ಆಡುವುದು ಚೆಂಡಿನೊಡನೆ. ಆದ್ದರಿಂದ ಅಭ್ಯಾಸವೂ ಹುಲ್ಲಿನ ಮೇಲೆ, ಚೆಂಡಿನೊಡನೆಯೇ ನಡೆಯಬೇಕೆಂಬುದು ಅವರ ತರ್ಕ.

ಅವರ ಕ್ರಮದ ಮುಖ್ಯ ಅಂಶಗಳು ಹೀಗಿದ್ದವು:

ಐದೈದು ಜನರ ಆಟ: ಪ್ರತಿಯೊಂದು ಬದಿಯಲ್ಲಿ ಐದೇ ಜನರಿರುವ ಚಿಕ್ಕ ಪಂದ್ಯ ಅಭ್ಯಾಸದ ತಿರುಳಾಗಿತ್ತು. ಜಾಗ ಕಡಿಮೆ ಇರುವುದರಿಂದ ಆಟಗಾರ ಚೆಂಡನ್ನು ಹಿಡಿತಕ್ಕೆ ತಂದುಕೊಂಡ ಕೂಡಲೇ ಇನ್ನೊಬ್ಬನಿಗೆ ದಾಟಿಸಿ, ಮತ್ತೆ ಚೆಂಡು ಪಡೆಯಬಲ್ಲ ಜಾಗಕ್ಕೆ ಸರಿಯಲೇಬೇಕು. ಲಿವರ್‌ಪೂಲ್ ತಂಡದ ಆಟದ ಶೈಲಿ ಮೂಡಿದ್ದು ಇದರಿಂದಲೇ.

ಹಲಗೆಗಳ ಅಂಕಣ: ಸುತ್ತಲೂ ಮರದ ಹಲಗೆಗಳನ್ನು ನಿಲ್ಲಿಸಿ ಮಾಡಿದ ಚೌಕದೊಳಗೆ ಆಟಗಾರ ನಿಲ್ಲುತ್ತಿದ್ದ. ಹಲಗೆಗೆ ಒದ್ದ ಚೆಂಡು ಮರಳಿ ಬಂದಾಗ ಅದನ್ನು ತಡೆದು, ತಿರುಗಿ, ಇನ್ನೊಂದು ಹಲಗೆಗೆ ಬಿಡುವಿಲ್ಲದೆ ಒದೆಯಬೇಕಿತ್ತು. ಬೆವರಿನ ಪೆಟ್ಟಿಗೆ ಎಂದೇ ಇದಕ್ಕೆ ಹೆಸರು. ಕೆಲವೇ ನಿಮಿಷಗಳಲ್ಲಿ ದೇಹಬಲ, ಕಾಲಿನ ಚಳಕ ಮತ್ತು ಎಚ್ಚರ ಮೂರೂ ಪರೀಕ್ಷೆಗೊಳಗಾಗುತ್ತಿದ್ದವು.

ಬಸ್ ಪ್ರಯಾಣ: ಆಟಗಾರರು ಆನ್‌ಫೀಲ್ಡ್‌ನಲ್ಲಿ ಉಡುಪು ಬದಲಿಸಿ ಬಸ್ಸಿನಲ್ಲಿ ಮೆಲ್‌ವುಡ್‌ಗೆ ಹೋಗುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಅಲ್ಲಿಯೇ ಸ್ನಾನ ಮಾಡದೆ ಮತ್ತೆ ಬಸ್ಸಿನಲ್ಲಿ ಆನ್‌ಫೀಲ್ಡ್‌ಗೆ ಬಂದು, ಸ್ನಾನ ಮಾಡಿ ಒಟ್ಟಿಗೆ ಊಟ ಮಾಡುತ್ತಿದ್ದರು. ಮೈ ನಿಧಾನವಾಗಿ ತಣಿಯಬೇಕೆಂಬುದು ಉದ್ದೇಶ. ಒಟ್ಟಿಗೆ ಪಯಣಿಸಿ ಉಣ್ಣುವುದರಿಂದ ಒಗ್ಗಟ್ಟೂ ಬೆಳೆಯುತ್ತಿತ್ತು.

ದಾಖಲೆ: ಯಾವ ದಿನ ಯಾವ ಅಭ್ಯಾಸ ನಡೆಯಿತು, ಯಾರಿಗೆ ಏನಾಯಿತು ಎಂಬುದನ್ನು ಸಿಬ್ಬಂದಿ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಆಟಗಾರರ ಬೂಟುಗಳನ್ನಿಡುತ್ತಿದ್ದ ಸಣ್ಣ ಕೋಣೆಯೇ ಈ ಸಿಬ್ಬಂದಿಯ ಚರ್ಚೆಯ ತಾಣವಾಯಿತು. ಬೂಟ್ ರೂಮ್ ಎಂಬ ಆ ಹೆಸರು ಮುಂದೆ ಒಂದು ಪರಂಪರೆಯ ಹೆಸರಾಯಿತು.

ಈ ಕ್ರಮದಲ್ಲಿ ಯಾವ ಗುಟ್ಟೂ ಇರಲಿಲ್ಲ. ನೋಡಲು ಬಂದ ಬೇರೆಡೆಯ ತರಬೇತುದಾರರಿಗೆ ಕಾಣುತ್ತಿದ್ದುದು ಹುಡುಗರಾಟದಂತಹ ಚಿಕ್ಕ ಪಂದ್ಯಗಳು ಮಾತ್ರ. ಆದರೆ ಅದರ ಫಲ ಮೈದಾನದಲ್ಲಿ ಗೋಚರಿಸಿತು. ಲೀಗ್ ಪ್ರಶಸ್ತಿ ಗೆದ್ದ 1965–66ರ ಋತುವಿನ 42 ಲೀಗ್ ಪಂದ್ಯಗಳಿಗೆ ಲಿವರ್‌ಪೂಲ್ ಬಳಸಿದ್ದು ಕೇವಲ 14 ಆಟಗಾರರನ್ನು. ಗಾಯಗಳು ಎಷ್ಟು ಕಡಿಮೆಯಿದ್ದವೆಂಬುದಕ್ಕೆ ಇದೇ ಸಾಕ್ಷಿ.

ಮಾತಿನ ರೀತಿ

ಆಟಗಾರರೊಡನೆ ಶಾಂಕ್ಲಿಯವರ ಮಾತು ಚಿಕ್ಕದು, ಚೊಕ್ಕದು. ಹಲಗೆಯ ಮೇಲೆ ಜಟಿಲ ನಕ್ಷೆಗಳನ್ನು ಬರೆದು ವಿವರಿಸುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಎದುರಾಳಿಗಳನ್ನು ಹಾಸ್ಯಮಾಡಿ ಕುಗ್ಗಿಸುವುದು, ತಮ್ಮವರನ್ನು ಆಕಾಶಕ್ಕೇರಿಸುವುದು ಅವರ ಪದ್ಧತಿ. ಆಜಾನುಬಾಹುವಾದ ರಾನ್ ಯೇಟ್ಸ್ ತಂಡ ಸೇರಿದಾಗ ಪತ್ರಕರ್ತರನ್ನು ಕರೆದು, ಆತನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡುವಂತೆ ಆಹ್ವಾನಿಸಿದ ಪ್ರಸಂಗ ಪ್ರಸಿದ್ಧವಾಗಿದೆ. 1964ರ ನವೆಂಬರ್‌ನಲ್ಲಿ ಆಂಡರ್ಲೆಕ್ಟ್ ವಿರುದ್ಧದ ಪಂದ್ಯಕ್ಕೆ ತಂಡವನ್ನು ಅಡಿಯಿಂದ ಮುಡಿಯವರೆಗೆ ಕೆಂಪು ಉಡುಪಿನಲ್ಲಿ ಇಳಿಸಿದ್ದೂ ಇಂತಹ ಮನೋಬಲದ ಲೆಕ್ಕಾಚಾರದಿಂದಲೇ. ಕೆಂಪು ಬಣ್ಣದಲ್ಲಿ ಆಟಗಾರರು ಇನ್ನಷ್ಟು ಎತ್ತರವಾಗಿ ಕಾಣುತ್ತಾರೆಂದು ಅವರು ನಂಬಿದ್ದರು.

ಇದೇ ರೀತಿಗೆ ಇನ್ನೊಂದು ಮುಖವೂ ಇತ್ತು. ಗಾಯಗೊಂಡ ಆಟಗಾರರನ್ನು ಅವರು ಕಂಡರೂ ಕಾಣದಂತೆ ಇರುತ್ತಿದ್ದರು. ಆಡಲಾಗದವನು ತಂಡಕ್ಕೆ ಉಪಯೋಗವಿಲ್ಲ ಎಂಬ ಭಾವನೆ ಅದರಲ್ಲಿ ಇಣುಕುತ್ತಿತ್ತು. ವಯಸ್ಸಾದ ಆಟಗಾರರಿಗೆ ಅವರನ್ನು ಕೈಬಿಟ್ಟ ಸಂಗತಿಯನ್ನು ಎದುರೆದುರು ಹೇಳುವುದು ಅವರಿಗೆ ಕಷ್ಟವಾಗುತ್ತಿತ್ತು. ತಾವು ತಂಡದಲ್ಲಿಲ್ಲವೆಂಬ ವಿಷಯ ಬೇರೆಯವರ ಬಾಯಿಂದ ತಿಳಿಯಿತೆಂಬ ನೋವು ಇಯಾನ್ ಸೇಂಟ್ ಜಾನ್ ಅವರಲ್ಲಿ ಬಹುಕಾಲ ಉಳಿಯಿತು. ಸಾವಿರಾರು ಪ್ರೇಕ್ಷಕರಿಗೆ ಕಾರಣ ವಿವರಿಸಬಲ್ಲ ವ್ಯಕ್ತಿ ತಮ್ಮ ಮೆಚ್ಚಿನ ಒಬ್ಬ ಆಟಗಾರನಿಗೆ ಕಹಿಯಾದ ಮಾತನ್ನು ಹೇಳಲು ಹಿಂಜರಿಯುತ್ತಿದ್ದರು.

ಅಭಿಮಾನಿಗಳೊಡನೆ ಬಾಂಧವ್ಯ

ಆನ್‌ಫೀಲ್ಡ್‌ನ ಒಂದು ತುದಿಯಲ್ಲಿ ಜನ ನಿಂತು ಆಟ ನೋಡುತ್ತಿದ್ದ ಬೃಹತ್ ಮೆಟ್ಟಿಲುಗಳ ಅಂಕಣಕ್ಕೆ ಸ್ಪಿಯಾನ್ ಕಾಪ್ ಅಥವಾ ಕಾಪ್ ಎಂದು ಹೆಸರು. ದಕ್ಷಿಣ ಆಫ್ರಿಕಾದಲ್ಲಿ 1900ರಲ್ಲಿ ಬ್ರಿಟಿಷರು ಮತ್ತು ಬೋಯರರ ನಡುವೆ ಕದನ ನಡೆದ ಗುಡ್ಡದ ಹೆಸರಿದು. ಗಾಂಧೀಜಿಯವರು ಕಟ್ಟಿದ ಭಾರತೀಯ ಆಂಬುಲೆನ್ಸ್ ದಳ ಗಾಯಾಳುಗಳನ್ನು ಹೊತ್ತು ಸಾಗಿಸಿದ್ದು ಅದೇ ಕದನದಲ್ಲಿ. ಲಿವರ್‌ಪೂಲ್‌ನ ಕಾಪ್‌ನಲ್ಲಿ ಸೇರುತ್ತಿದ್ದವರು ಹೆಚ್ಚಾಗಿ ಬಂದರು, ಕಾರ್ಖಾನೆಗಳ ಶ್ರಮಿಕರು. ಅರವತ್ತರ ದಶಕದಲ್ಲಿ ಅವರು ಒಕ್ಕೊರಲಿನಿಂದ ಜನಪ್ರಿಯ ಗೀತೆಗಳನ್ನು ಹಾಡುವುದು ದೇಶವೆಲ್ಲ ತಿಳಿದ ವಿಷಯವಾಯಿತು.

ಗಣಿಯ ಹಳ್ಳಿಯಿಂದ ಬಂದ ಶಾಂಕ್ಲಿ ಈ ಜನರಲ್ಲಿ ತಮ್ಮವರನ್ನೇ ಕಂಡರು. ಅಭಿಮಾನಿಗಳು ಬರೆದ ಪತ್ರಗಳಿಗೆ ತಮ್ಮ ಹಳೆಯ ಬೆರಳಚ್ಚು ಯಂತ್ರದಲ್ಲಿ ಸ್ವತಃ ಉತ್ತರ ಬರೆಯುತ್ತಿದ್ದರು. ಕೆಲವರಿಗೆ ಫೋನ್ ಮಾಡಿ ಹಿಂದಿನ ದಿನದ ಆಟವನ್ನು ಚರ್ಚಿಸುತ್ತಿದ್ದರು. ಟಿಕೆಟ್ ಸಿಗದವರಿಗೆ ಒದಗಿಸಿಕೊಡುತ್ತಿದ್ದರು. ವೆಸ್ಟ್ ಡರ್ಬಿಯ ಸಾಮಾನ್ಯ ಮನೆಯೊಂದರಲ್ಲಿ ವಾಸವಾಗಿದ್ದು, ಬಿಡುವಿನ ದಿನ ನೆರೆಯ ಹುಡುಗರೊಡನೆ ಚೆಂಡಾಡುತ್ತಿದ್ದರು.

1964ರಲ್ಲಿ ಲೀಗ್ ಪ್ರಶಸ್ತಿ, 1965ರ ಮೇ ತಿಂಗಳಲ್ಲಿ ಲೀಡ್ಸ್ ಯುನೈಟೆಡ್ ತಂಡವನ್ನು 2–1ರಿಂದ ಸೋಲಿಸಿ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಎಫ್.ಎ. ಕಪ್, 1966ರಲ್ಲಿ ಮತ್ತೆ ಲೀಗ್ ಪ್ರಶಸ್ತಿ ದೊರೆತವು. ಎಫ್.ಎ. ಕಪ್ ಗೆದ್ದ ಮೂರು ದಿನಗಳಲ್ಲಿ ಇಂಟರ್ ಮಿಲಾನ್ ವಿರುದ್ಧ ಯುರೋಪಿಯನ್ ಕಪ್ ಉಪಾಂತ್ಯ ಪಂದ್ಯವಿತ್ತು. ಆಟ ಆರಂಭವಾಗುವ ಮುನ್ನ, ಕಪ್ ಪಂದ್ಯದಲ್ಲಿ ಕೊರಳೆಲುಬು ಮುರಿದರೂ ಕೊನೆಯವರೆಗೆ ಆಡಿದ್ದ ಜೆರ್ರಿ ಬರ್ನ್ ಹಾಗೂ ಗಾಯದಿಂದ ಅದನ್ನು ತಪ್ಪಿಸಿಕೊಂಡಿದ್ದ ಗಾರ್ಡನ್ ಮಿಲ್ನ್ ಅವರ ಕೈಗೆ ಕಪ್ ಕೊಟ್ಟು ಶಾಂಕ್ಲಿ ಮೈದಾನದ ಸುತ್ತ ಕಳುಹಿಸಿದರು. ಪ್ರೇಕ್ಷಕರ ಹರ್ಷೋದ್ಗಾರದ ನಡುವೆ ಲಿವರ್‌ಪೂಲ್ 3–1ರಿಂದ ಗೆದ್ದಿತು. ಮಿಲಾನ್‌ನಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ 0–3ರಿಂದ ಸೋತು ಹೊರಬಿತ್ತು.

ಇದರ ನಂತರ ಬರಗಾಲ ಬಂದಿತು. 1966ರಿಂದ 1973ರವರೆಗೆ ತಂಡಕ್ಕೆ ಯಾವ ಪ್ರಮುಖ ಪ್ರಶಸ್ತಿಯೂ ಸಿಗಲಿಲ್ಲ. 1970ರ ಫೆಬ್ರವರಿಯಲ್ಲಿ ಎಫ್.ಎ. ಕಪ್ ಪಂದ್ಯದಲ್ಲಿ ವಾಟ್‌ಫರ್ಡ್ ಎದುರು ಸೋತಾಗ, ಹಳೆಯ ತಂಡವನ್ನು ಒಡೆದು ಹೊಸದನ್ನು ಕಟ್ಟಲೇಬೇಕೆಂದು ಶಾಂಕ್ಲಿ ನಿರ್ಧರಿಸಿದರು. ರೇ ಕ್ಲೆಮೆನ್ಸ್, ಸ್ಟೀವ್ ಹೈವೇ, ಜಾನ್ ಟೋಶಾಕ್, ಕೆವಿನ್ ಕೀಗನ್ ಮುಂತಾದವರು ಮುನ್ನೆಲೆಗೆ ಬಂದರು. 1971ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಆರ್ಸೆನಲ್ ಎದುರು ಸೋತು ಮರಳಿದಾಗ, ನಗರದ ಸೇಂಟ್ ಜಾರ್ಜ್ಸ್ ಹಾಲ್ ಮುಂದೆ ಭಾರೀ ಜನಸಮೂಹ ಕಾದಿತ್ತು. ಶಾಂಕ್ಲಿ ಮಾತನಾಡಲು ನಿಂತಾಗ ಜನ ಮೌನವಾಗಿ ಕೇಳಿಸಿಕೊಂಡರು. ಇಂತಹ ಜನರಿಗಾಗಿ ಆಡುವುದು ಭಾಗ್ಯವೆಂದು ಆಟಗಾರರಿಗೆ ತಾವು ಸದಾ ಹೇಳುತ್ತಿದ್ದುದನ್ನು ಅವರು ಅಲ್ಲಿ ಬಹಿರಂಗವಾಗಿ ನೆನಪಿಸಿದರು. ಗೆದ್ದ ತಂಡಕ್ಕೆ ಸ್ವಾಗತ ಎಲ್ಲೆಡೆ ಸಿಗುತ್ತದೆ. ಸೋತ ತಂಡಕ್ಕೆ ಸಿಕ್ಕ ಈ ಸ್ವಾಗತ, ಹನ್ನೆರಡು ವರ್ಷಗಳಿಂದ ನಡೆದುಬಂದ ನೇರ ಮಾತುಕತೆಯ ಫಲವಾಗಿತ್ತು.

1973ರಲ್ಲಿ ಲೀಗ್ ಪ್ರಶಸ್ತಿಯ ಜೊತೆಗೆ ಯುವೆಫಾ ಕಪ್ ಕೂಡ ದೊರೆಯಿತು. ಒಂದೇ ಋತುವಿನಲ್ಲಿ ಲೀಗ್ ಮತ್ತು ಯುರೋಪಿನ ಪ್ರಶಸ್ತಿ ಎರಡನ್ನೂ ಗೆದ್ದ ಮೊದಲ ಇಂಗ್ಲಿಷ್ ತಂಡ ಇದಾಯಿತು. ಆ ಏಪ್ರಿಲ್‌ನಲ್ಲಿ ಪ್ರಶಸ್ತಿಯನ್ನು ಕಾಪ್‌ಗೆ ತೋರಿಸುತ್ತಿದ್ದಾಗ ಅಭಿಮಾನಿಯೊಬ್ಬ ಎಸೆದ ಕತ್ತಿನ ವಸ್ತ್ರವನ್ನು ಪೊಲೀಸ್ ಸಿಬ್ಬಂದಿಯೊಬ್ಬರು ಪಕ್ಕಕ್ಕೆ ತಳ್ಳಿದರು. ಶಾಂಕ್ಲಿ ಅದನ್ನು ಎತ್ತಿ ತಮ್ಮ ಕೊರಳಿಗೆ ಸುತ್ತಿಕೊಂಡು, ಅದು ಯಾರದೋ ಬದುಕಿಗೆ ಸಮಾನವಾದುದೆಂದು ಆ ಸಿಬ್ಬಂದಿಗೆ ತಿಳಿಹೇಳಿದರು. 1974ರಲ್ಲಿ ನ್ಯೂಕ್ಯಾಸಲ್ ತಂಡವನ್ನು 3–0ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಾಗ ಮೈದಾನಕ್ಕೆ ಬಂದ ಅಭಿಮಾನಿಗಳು ಅವರ ಪಾದಗಳನ್ನು ಚುಂಬಿಸಿದರು.

ರಾಜೀನಾಮೆ

1974ರ ಜುಲೈ 12ರಂದು ಶಾಂಕ್ಲಿ ರಾಜೀನಾಮೆ ನೀಡಿದರೆಂಬ ಸುದ್ದಿ ಪ್ರಕಟವಾಯಿತು. ಆಗ ಅವರ ವಯಸ್ಸು 60. ದಣಿವು ಮತ್ತು ಕುಟುಂಬದೊಡನೆ ಕಾಲ ಕಳೆಯುವ ಬಯಕೆ ಅವರು ನೀಡಿದ ಕಾರಣಗಳು. ನಗರ ದಿಗ್ಭ್ರಮೆಗೊಂಡಿತು. ಬೀದಿಯಲ್ಲಿ ದೂರದರ್ಶನದ ವರದಿಗಾರರು ಕೇಳಿದಾಗ ಅಭಿಮಾನಿಗಳು ಸುದ್ದಿಯನ್ನು ನಂಬಲೇ ಇಲ್ಲ. ಕ್ಲಬ್ಬಿಗೆ ಫೋನ್ ಕರೆಗಳ ಮಹಾಪೂರ ಹರಿಯಿತು. ಅವರು ಮರಳದಿದ್ದರೆ ಮುಷ್ಕರ ಹೂಡುವುದಾಗಿ ಕೆಲವು ಕಾರ್ಖಾನೆಯ ಕೆಲಸಗಾರರು ಬೆದರಿಕೆ ಹಾಕಿದರು.

ಪೈಸ್ಲಿ ಉತ್ತರಾಧಿಕಾರಿಯಾದರು. ಆದರೆ ಶಾಂಕ್ಲಿ ಎಂದಿನಂತೆ ಮೆಲ್‌ವುಡ್‌ಗೆ ಬಂದು ಆಟಗಾರರೊಡನೆ ಅಭ್ಯಾಸ ಮಾಡತೊಡಗಿದರು. ಆಟಗಾರರು ಹಳೆಯ ರೂಢಿಯಂತೆ ಅವರನ್ನೇ ಯಜಮಾನರೆಂದು ಸಂಬೋಧಿಸುತ್ತಿದ್ದರು. ಇದರಿಂದ ಹೊಸ ಮ್ಯಾನೇಜರ್‌ಗೆ ಇಕ್ಕಟ್ಟಾಯಿತು. ತಮ್ಮ ಬರವು ಬೇಡವಾಗಿದೆ ಎಂದು ಅರಿತ ಶಾಂಕ್ಲಿ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದರು. ಕ್ಲಬ್ಬು ತಮ್ಮನ್ನು ದೂರವಿಟ್ಟಿತೆಂಬ ನೋವು ಅವರನ್ನು ಕೊನೆಯವರೆಗೂ ಕಾಡಿತು. ರಾಜೀನಾಮೆಯ ಬಗ್ಗೆ ಪಶ್ಚಾತ್ತಾಪವೂ ಇತ್ತು. ಪ್ರತಿಸ್ಪರ್ಧಿ ಎವರ್ಟನ್ ಕ್ಲಬ್ಬಿನ ಅಭ್ಯಾಸದ ಮೈದಾನ ಅವರ ಮನೆಯ ಬಳಿಯೇ ಇತ್ತು. ಅಲ್ಲಿ ಅವರಿಗೆ ಆದರದ ಸ್ವಾಗತ ದೊರೆಯಿತು.

ಕೊನೆಯ ವರ್ಷಗಳು ಮತ್ತು ನಿಧನ

1974ರಲ್ಲಿ ಬ್ರಿಟಿಷ್ ಸರ್ಕಾರದ ಒ.ಬಿ.ಇ. ಗೌರವ ಶಾಂಕ್ಲಿಯವರಿಗೆ ಸಂದಿತು. 1976ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ನಿವೃತ್ತಿಯ ಬಳಿಕ ಒಮ್ಮೆ ಕಾಪ್‌ಗೆ ಹೋಗಿ, ಸಾಮಾನ್ಯ ಪ್ರೇಕ್ಷಕರ ನಡುವೆ ನಿಂತು ಪಂದ್ಯ ನೋಡಿದರು. ಹೃದಯಾಘಾತದಿಂದ ಆಸ್ಪತ್ರೆ ಸೇರಿದ ಅವರು 1981ರ ಸೆಪ್ಟೆಂಬರ್ 29ರಂದು ತಮ್ಮ 68ನೆಯ ವಯಸ್ಸಿನಲ್ಲಿ ಲಿವರ್‌ಪೂಲ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಆನ್‌ಫೀಲ್ಡ್ ಮೈದಾನದ ಕಾಪ್ ತುದಿಯಲ್ಲಿ ಚೆಲ್ಲಲಾಯಿತು.

ಪರಂಪರೆ

ಶಾಂಕ್ಲಿಯವರ ನೇತೃತ್ವದಲ್ಲಿ ಲಿವರ್‌ಪೂಲ್ 783 ಪಂದ್ಯಗಳನ್ನು ಆಡಿ ಮೂರು ಲೀಗ್ ಪ್ರಶಸ್ತಿ, ಎರಡು ಎಫ್.ಎ. ಕಪ್, ಒಂದು ಯುವೆಫಾ ಕಪ್ ಹಾಗೂ ಒಂದು ದ್ವಿತೀಯ ವಿಭಾಗದ ಪ್ರಶಸ್ತಿಯನ್ನು ಗಳಿಸಿತು. ಅವರು ಬಿಟ್ಟುಹೋದ ತರಬೇತಿ ಕ್ರಮವನ್ನು ಬೂಟ್ ರೂಮ್‌ನ ಸಹೋದ್ಯೋಗಿಗಳು ಮುಂದುವರಿಸಿದರು. ಪೈಸ್ಲಿ ಒಂಬತ್ತು ಋತುಗಳಲ್ಲಿ ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಗೆದ್ದರು. ಅವರ ನಂತರ ಬಂದ ಫೇಗನ್ 1984ರಲ್ಲಿ ಮತ್ತೊಂದು ಯುರೋಪಿಯನ್ ಕಪ್ ತಂದರು.

1982ರಲ್ಲಿ ಆನ್‌ಫೀಲ್ಡ್‌ನಲ್ಲಿ ಅವರ ಹೆಸರಿನ ಮಹಾದ್ವಾರವನ್ನು ತೆರೆಯಲಾಯಿತು. 1989ರ ಹಿಲ್ಸ್‌ಬರೊ ದುರಂತದಲ್ಲಿ ಮಡಿದ ಅಭಿಮಾನಿಗಳಿಗಾಗಿ ಜನ ಹೂವು ಮತ್ತು ಕತ್ತಿನ ವಸ್ತ್ರಗಳನ್ನು ತಂದಿಟ್ಟ ಜಾಗಗಳಲ್ಲಿ ಈ ದ್ವಾರವೂ ಒಂದು. 1997ರಲ್ಲಿ ಕಾಪ್ ಹೊರಗೆ ಅವರ ಕಂಚಿನ ಪ್ರತಿಮೆ ಸ್ಥಾಪಿತವಾಯಿತು. ಪ್ರತಿಮೆಯಲ್ಲಿ ಅವರು ಹಿಡಿದಿರುವುದು ಪ್ರಶಸ್ತಿಯನ್ನಲ್ಲ. ಅಭಿಮಾನಿಯ ಕತ್ತಿನ ವಸ್ತ್ರ ಕೊರಳಲ್ಲಿದೆ, ಎರಡೂ ತೋಳುಗಳು ಜನರತ್ತ ಚಾಚಿವೆ. ಜನರನ್ನು ಸಂತೋಷಪಡಿಸಿದವರು ಎಂಬರ್ಥದ ಬರಹ ಅದರ ಪೀಠದ ಮೇಲಿದೆ.